ಹಿಂದೋಳದಲ್ಲಿ ಮಾತ್ರ ಬರುತ್ತಿದ್ದ ಸದ್ದು

2013ರ ರಾಮನವಮಿಯ ಸಂಜೆ ಮಾರೇನಹಳ್ಳಿಯ ನಮ್ಮ ಬೀದಿ ಕೊನೆಯ ದೇವಸ್ಥಾನದಲ್ಲಿ ಅಮ್ಮ ಹಾಡಲು ಕೂತಳು. ಹದಿನಾರು ತಿಂಗಳ ಮೇಲೆ ಅವಳು ಜನರ ಮುಂದೆ ಕೂತದ್ದು ಅದೇ ಮೊದಲು. ಪಾನಕ, ಕೋಸಂಬರಿ ಹಂಚಿ ಮುಗಿದಿತ್ತು. ಒಂದು ಪಕ್ಕ ಪಿಟೀಲು, ಇನ್ನೊಂದು ಪಕ್ಕ ಮೃದಂಗ. ಅವಳ ಕೈಯಲ್ಲಿ ತಂಬೂರಿ ಇರಲಿಲ್ಲ. ತೊಡೆಯ ಮೇಲೆ ಒಂದೂವರೆ ಅಡಿಯ ಹಲಗೆ, ಅದರ ಮೇಲೆ ಅಂಟಿಸಿದ ನಾಲ್ಕು ಹಿತ್ತಾಳೆ ಬಿಲ್ಲೆ. ಬಿಲ್ಲೆಗಳಿಂದ ಹೊರಟ ವೈರು ಕಂಬದ ಮರೆಯಲ್ಲಿ ಕೂತಿದ್ದ ನನ್ನ ಲ್ಯಾಪ್‌ಟಾಪಿಗೆ. ಅವಳ ಬೆರಳು ಬಿಲ್ಲೆ ಮುಟ್ಟಿದ ಕೂಡಲೇ ಲ್ಯಾಪ್‌ಟಾಪು ತಂತಿಯ ನಾದವನ್ನು ಲೆಕ್ಕ ಹಾಕಿ ಸ್ಪೀಕರಿಗೆ ಕಳಿಸಬೇಕು. ಆ ಪ್ರೋಗ್ರಾಂ ಬರೆದವನು ನಾನು.

ಮೋಹನದ ವರ್ಣ ಚೆನ್ನಾಗಿ ನಡೆಯಿತು. ಕಲ್ಯಾಣಿಯೂ ಆಯಿತು. ಮೂರನೆಯದು ಹಿಂದೋಳ. ಆಲಾಪನೆ ಶುರುವಾಗಿ ಒಂದು ನಿಮಿಷ ಆಗಿರಬೇಕು, ಸ್ಪೀಕರಿನಲ್ಲಿ ಟಿಕ್ ಅಂತು. ಮತ್ತೆ ಟಿಕ್. ಆಮೇಲೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಬಿಡುವೇ ಇಲ್ಲ. ಅಮ್ಮ ಎರಡು ಸಂಗತಿ ಹಾಗೇ ಎಳೆದಳು. ಮುಂದಿನ ಸಾಲಿನ ಮಕ್ಕಳು ಸ್ಪೀಕರ್ ಕಡೆ ತಿರುಗಿದರು. ಅವಳು ಹಾಡು ನಿಲ್ಲಿಸಿ, ಎಡಗೈ ಹಣೆಗೆ ಮುಟ್ಟಿಸಿ ಪಕ್ಕವಾದ್ಯದವರಿಗೆ ನಮಸ್ಕಾರ ಮಾಡಿದಳು. "ಯಾರಾದರೂ ಶ್ರುತಿ ಪೆಟ್ಟಿಗೆ ಇದ್ದರೆ ಹಾಕ್ರಪ್ಪ" ಅಂದಳು. ನಾನು ಕಂಬದ ಹಿಂದೆ ಲ್ಯಾಪ್‌ಟಾಪ್ ಮುಚ್ಚಿ, ಎದ್ದು ಹೋಗಲೂ ಆಗದೆ, ಕಚೇರಿ ಮುಗಿಯುವವರೆಗೆ ಅಲ್ಲೇ ಕೂತಿದ್ದೆ. ಮನೆಗೆ ಬಂದಮೇಲೆ ಅವಳು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಡಿಸಿದಳು. ಮೂರು ವಾರ ಕೆಳಗಿಳಿಸಗೊಡಲಿಲ್ಲ.

2011ರ ಡಿಸೆಂಬರಿನಲ್ಲಿ ಅವಳಿಗೆ ಲಕ್ವ ಹೊಡೆದಿತ್ತು. ಮಾತು ಬಂತು, ಹಾಡೂ ಬಂತು. ಬಲಗೈ ಮಾತ್ರ ಮೊಣಕೈಯಿಂದ ಮೇಲೇಳಲಿಲ್ಲ, ಬೆರಳುಗಳು ಅಲ್ಪಸ್ವಲ್ಪ ಆಡುತ್ತಿದ್ದವು. ಮೂವತ್ತು ವರ್ಷದಿಂದ ವಿಜಯನಗರ, ಮೂಡಲಪಾಳ್ಯ, ಹಂಪಿನಗರದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹೆಂಗಸು. ತಂಬೂರಿಯನ್ನು ಗೋಡೆಗೆ ಒರಗಿಸಿ ಅದರ ಎದುರು ಸುಮ್ಮನೆ ಕೂತಿರುತ್ತಿದ್ದಳು. ಶ್ರುತಿ ಪೆಟ್ಟಿಗೆ ಮನೆಯಲ್ಲಿ ಇಲ್ಲದೆ ಇರಲಿಲ್ಲ. 1979ರ ಹೊತ್ತಿಗೇ ನಮ್ಮ ಊರಿನ ಜಿ. ರಾಜ್‌ನಾರಾಯಣ್ ಅವರ ರಾಡೆಲ್ ಪೆಟ್ಟಿಗೆಗಳು ಬಂದು, ಎಷ್ಟೋ ಸಂಗೀತಗಾರರ ಚೀಲ ಸೇರಿವೆ. ಅದರ ನಾದದ ಬಗ್ಗೆ ಅವಳದು ಏನೂ ತಕರಾರಿರಲಿಲ್ಲ. "ಅದು ತಾನೇ ನುಡಿಯತ್ತೆ ಕಣೋ. ನಾನು ಮೀಟಬೇಕು. ಮೀಟದೆ ಇದ್ದರೆ ಉಸಿರು ಎಲ್ಲಿ ತಗೋಬೇಕು ಅಂತ ಗೊತ್ತಾಗಲ್ಲ" ಅಂದಳು. ನನ್ನ ಕಷ್ಟ ಶುರುವಾದದ್ದು ಈ ಮಾತಿನಿಂದ.

ನಾನು ಆಗ ಹಗಲು ಹೊತ್ತು ಬ್ಯಾಂಕುಗಳಿಗೆ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಹನ್ನೊಂದು ವರ್ಷದ ಅನುಭವ. ಖಾತೆ ಒಂದು ಆಬ್ಜೆಕ್ಟು, ಗ್ರಾಹಕ ಒಂದು ಆಬ್ಜೆಕ್ಟು, ವ್ಯವಹಾರ ಒಂದು ಆಬ್ಜೆಕ್ಟು. ಲೋಕವನ್ನು ವಸ್ತುಗಳಾಗಿ ಒಡೆದು, ಪ್ರತಿ ವಸ್ತುವಿಗೂ ಅದರ ಗುಣ, ಅದರ ಕೆಲಸ ಕೊಟ್ಟು ಬರೆಯುವ ಕ್ರಮ. 1967ರಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನಿಗಾರ್ಡ್ ಸಿಮುಲಾ ಭಾಷೆಯಲ್ಲಿ ತಂದ ಆ ಕ್ರಮವನ್ನು ನಾನು ಈಗಲೂ ಪ್ರೀತಿಸುತ್ತೇನೆ. ತಂಬೂರಿಗೂ ಹಾಗೇ ಬರೆದೆ. ತಂತಿ ಒಂದು ಆಬ್ಜೆಕ್ಟು, ಮೀಟು ಒಂದು ಆಬ್ಜೆಕ್ಟು. ಆಂಡ್ರಾಯ್ಡ್ ಫೋನಿನ ಗಾಜಿನ ಮೇಲೆ ನಾಲ್ಕು ಗೆರೆ, ಅಮ್ಮ ಮುಟ್ಟಿದರೆ ನಾದ.

ಮೊದಲ ದಿನವೇ ಅವಳು ಕೈ ಹಿಂದಕ್ಕೆ ತೆಗೆದಳು. ಮುಟ್ಟಿದ ಕಾಲು ಸೆಕೆಂಡಿಗೆ ನಾದ ಬರುತ್ತಿತ್ತು. "ಬೇರೆ ಯಾರೋ ಮೀಟಿದ ಹಾಗಿದೆ" ಅಂದಳು. ತಡಕ್ಕೆ ಕಾರಣ ಬಫರು. ಸ್ಪೀಕರಿಗೆ ಸೆಕೆಂಡಿಗೆ 48,000 ಸಂಖ್ಯೆ ಬೇಕು. ಅವನ್ನು ಒಂದೊಂದಾಗಿ ಕೊಡಲಾಗದೆ ಕೊಡದಲ್ಲಿ ತುಂಬಿ ಕೊಟ್ಟ ಹಾಗೆ ಕಂತಿನಲ್ಲಿ ಕೊಡುತ್ತೇವೆ. ಕೊಡ ದೊಡ್ಡದಿದ್ದರೆ ನಿಶ್ಚಿಂತೆ, ಆದರೆ ಈಗ ಹಾಕಿದ ನೀರು ಕೊನೆಯಲ್ಲಿ ಹೊರಗೆ ಬರುತ್ತದೆ. ಚಿಕ್ಕದು ಮಾಡಿದರೆ ಬೇಗ ಬರುತ್ತದೆ, ಆದರೆ ತುಂಬುವವನು ಒಂದು ಕ್ಷಣ ತಡ ಮಾಡಿದರೂ ಧಾರೆ ತುಂಡಾಗುತ್ತದೆ. ತುಂಡಾದದ್ದು ಕಿವಿಗೆ 'ಟಿಕ್'. ನಾನು ಚಿಕ್ಕದು ಮಾಡಿದೆ. ಆರೇಳು ಸೆಕೆಂಡಿಗೊಮ್ಮೆ ಟಿಕ್ ಶುರುವಾಯಿತು.

ಆ ಟಿಕ್ ನನ್ನ ಮನೆಗೆ ಕಾಲಿಟ್ಟದ್ದು 2012ರ ಮೇ ತಿಂಗಳಲ್ಲಿ. ಎರಡು ವರ್ಷ ಹತ್ತಿರ ಹತ್ತಿರ ನನ್ನ ಜೊತೆ ಇತ್ತು.

ಜಾವಾದಲ್ಲಿ ಬೇಡವಾದ ಆಬ್ಜೆಕ್ಟುಗಳನ್ನು ನಾವು ಎತ್ತಿ ಹಾಕುವುದಿಲ್ಲ. ಗಾರ್ಬೇಜ್ ಕಲೆಕ್ಟರ್ ಎಂಬುದು ತನಗೆ ತೋಚಿದಾಗ ಬಂದು ಗುಡಿಸುತ್ತದೆ. ನಮ್ಮ ಬೀದಿಗೆ ಕಸದ ಆಟೊ ಬಂದಾಗ ಹಿಂದಿನ ಗಾಡಿಗಳೆಲ್ಲ ನಿಲ್ಲಬೇಕಲ್ಲ, ಹಾಗೆ ಅದು ಗುಡಿಸುವಾಗ ಉಳಿದ ಕೆಲಸ ಒಂದಿಷ್ಟು ಹೊತ್ತು ನಿಲ್ಲುತ್ತದೆ. ನಾನು ಅನುಕೂಲಕ್ಕೆಂದು ನಾದದ ಒಂದೊಂದು ಸಂಖ್ಯೆಯನ್ನೂ ಆಬ್ಜೆಕ್ಟಾಗಿ ಪಟ್ಟಿಯಲ್ಲಿ ಇಟ್ಟಿದ್ದೆ. ನಾಲ್ಕು ತಂತಿಗೆ ಸೆಕೆಂಡಿಗೆ 1,92,000 ಆಬ್ಜೆಕ್ಟು ಹುಟ್ಟಿ ಅಲ್ಲಲ್ಲೇ ಸಾಯುತ್ತಿದ್ದವು. ಒಂದೊಂದಕ್ಕೆ 16 ಬೈಟ್ ಅಂದರೂ ಸೆಕೆಂಡಿಗೆ 3 ಎಂಬಿ ಕಸ. ಫೋನಿನ ಲಾಗಿನಲ್ಲಿ ನೋಡಿದರೆ ಒಂದೊಂದು ಸಲ 38 ಮಿಲಿಸೆಕೆಂಡ್ ನಿಂತಿದೆ. ಬ್ಯಾಂಕಿನ ಪರದೆಯಲ್ಲಿ 38 ಮಿಲಿಸೆಕೆಂಡ್ ಯಾರಿಗೂ ಗೊತ್ತಾಗದು. ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಅದನ್ನು ಲೆಕ್ಕಕ್ಕೆ ಹಿಡಿದವನಲ್ಲ. ಇಲ್ಲಿ ಅದು ಅಮ್ಮನ ಷಡ್ಜದ ಮಧ್ಯೆ ಬೀಳುತ್ತಿತ್ತು.

ಹಿಂದಿನ ಬೀದಿಯಲ್ಲಿ ಒಬ್ಬ ಹಿರಿಯರಿದ್ದರು. ಟೆಲಿಫೋನ್ ಎಕ್ಸ್‌ಚೇಂಜುಗಳ ಉಪಕರಣಕ್ಕೆ ಪ್ರೋಗ್ರಾಂ ಬರೆದು ನಿವೃತ್ತರಾದವರು, ಅವರ ಮೊಮ್ಮಗಳು ಅಮ್ಮನ ಶಿಷ್ಯೆ. ಒಂದು ಭಾನುವಾರ ನನ್ನ ಅಂಕಿಅಂಶ ಹಿಡಿದು ಅವರ ಮನೆಗೆ ಹೋದೆ. ಸರಾಸರಿ ಬಫರ್ ತುಂಬಲು ಎಷ್ಟು ಕಡಿಮೆ ಹೊತ್ತು ಹಿಡಿಯುತ್ತದೆ ಎಂದು ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಸರಾಸರಿ ಕಟ್ಟಿಕೊಂಡು ನಿಮಗೇನಾಗಬೇಕು? ದಿನಾ ಒಂಬತ್ತಕ್ಕೆ ಸ್ಟಾಪಿಗೆ ಬರುವ ಬಸ್ಸು ಒಂದೇ ಒಂದು ದಿನ ಹತ್ತಕ್ಕೆ ಬಂತು, ಅವತ್ತೇ ನಿಮ್ಮ ಮಗುವಿನ ಪರೀಕ್ಷೆ. ಅತಿ ತಡವಾದ ಬಫರ್ ಯಾವುದು, ಅದನ್ನ ಬರೆದುಕೊಂಡು ಬನ್ನಿ" ಅಂದರು. ಅಲ್ಲಿಂದ ಮುಂದೆ ನಾನು ಸರಾಸರಿ ನೋಡುವುದನ್ನೇ ಬಿಟ್ಟೆ. ವೇಗದ ಬಗ್ಗೆ ಅದುವರೆಗೆ ಕಲಿತದ್ದನ್ನೆಲ್ಲ ಮರೆತು ಮತ್ತೆ ಕಲಿಯಬೇಕಾಯಿತು. ನಾದದ ಕೆಲಸದಲ್ಲಿ ಭಾಷೆ ಎಷ್ಟು ಚುರುಕು ಎಂದು ಕೇಳಿ ಉಪಯೋಗವಿಲ್ಲ. ಯಾವ ಗಳಿಗೆಯಲ್ಲೂ ಇಷ್ಟಕ್ಕಿಂತ ತಡ ಮಾಡುವುದಿಲ್ಲ ಎಂದು ಅದು ಮಾತು ಕೊಡುತ್ತದೆಯೇ ಎಂದು ಕೇಳಬೇಕು.

ಫೋನು ಬಿಟ್ಟೆ. ನಾದಕ್ಕೆಂದೇ ಆಂಡ್ರಾಯ್ಡಿನಲ್ಲಿ ಎಆಡಿಯೊ ಎಂಬ ಚುರುಕಾದ ದಾರಿ ತೆರೆದದ್ದು 2017ರಲ್ಲಿ, ನಮಗೆ ಅಷ್ಟು ವರ್ಷ ಕಾಯಲು ವ್ಯವಧಾನ ಇರಲಿಲ್ಲ. ಹಳೆಯ ಕೋರ್ 2 ಡ್ಯುಯೊ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಎಸ್.ಪಿ. ರಸ್ತೆಗೆ ಹೋಗಿ ನಾಲ್ಕು ಪೀಜೊ ಬಿಲ್ಲೆ, ಒಂದು ಆರ್ಡುಯಿನೊ ಬೋರ್ಡು ತಂದೆ. ಮಾಗಡಿ ರಸ್ತೆಯ ಬಡಗಿಯೊಬ್ಬರು ಹಲಸಿನ ಹಲಗೆ ನುಣುಪು ಮಾಡಿಕೊಟ್ಟರು. ಪ್ರೋಗ್ರಾಮನ್ನು ಸಿ++ನಲ್ಲಿ ಮೊದಲಿಂದ ಬರೆದೆ. ಅದರಲ್ಲೂ ಆಬ್ಜೆಕ್ಟುಗಳುಂಟು, ಗುಡಿಸುವವನು ಮಾತ್ರ ಇಲ್ಲ. ಬಫರ್ ಒಂದಕ್ಕೆ 256 ಸಂಖ್ಯೆ, ಅಂದರೆ 5.33 ಮಿಲಿಸೆಕೆಂಡು. ಅಷ್ಟರೊಳಗೆ ನಾಲ್ಕೂ ತಂತಿಯ ಲೆಕ್ಕ ಮುಗಿದಿರಬೇಕು. ಮತ್ತೆ 5.33, ಮತ್ತೆ 5.33. ಎರಡು ಗಂಟೆ ಕಚೇರಿಗೆ ಹದಿಮೂರೂವರೆ ಲಕ್ಷ ಸಲ. ಒಂದು ಸಲವೂ ತಪ್ಪುವ ಹಾಗಿಲ್ಲ. 1957ರಲ್ಲಿ ಬೆಲ್ ಲ್ಯಾಬ್ಸಿನ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಸಂಗೀತ ನುಡಿಸಿದಾಗ ಈ ಅವಸರ ಇರಲಿಲ್ಲ. ಯಂತ್ರ ಲೆಕ್ಕ ಹಾಕಿ ಟೇಪಿಗೆ ಬರೆಯುತ್ತಿತ್ತು, ಕೇಳುವುದು ಆಮೇಲೆ. ಅದೇ ಲ್ಯಾಬಿನಲ್ಲಿ 1979ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಶುರು ಮಾಡಿದ ಭಾಷೆಯೇ ಮುಂದೆ ಸಿ++ ಆಯಿತು.

ಈ ಸಲ ತಂತಿಯನ್ನೂ ಸರಿಯಾಗಿ ಕಟ್ಟಬೇಕು ಅನ್ನಿಸಿತು. ತಂಬೂರಿಯ ಜೀವ ಅದರ ಕುದುರೆಯಲ್ಲಿ, ಕುದುರೆಗೂ ತಂತಿಗೂ ನಡುವೆ ಸಿಕ್ಕಿಸುವ ಜೀವಾಳಿ ದಾರದಲ್ಲಿದೆ. ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ತಂತಿಯನ್ನು ಮೀಟಿದ ಜಾಗದಲ್ಲಿ ಹುಟ್ಟಬಾರದ ಅನುಸ್ವರಗಳೂ ತಂಬೂರಿ, ವೀಣೆಗಳಲ್ಲಿ ಸ್ಪಷ್ಟವಾಗಿ ಕೇಳುತ್ತವೆ, ಅದಕ್ಕೆ ಕಾರಣ ಆ ಬಾಗಿದ ಕುದುರೆ ಎಂದು. ತಂತಿ ಕುದುರೆಯ ಮೇಲೆ ಉರುಳುವುದನ್ನು ಲೆಕ್ಕಕ್ಕೆ ತರಬೇಕಾದರೆ ತಂತಿಯನ್ನು ಬಿಂದುಬಿಂದುವಾಗಿ ಒಡೆಯಬೇಕು. ಅಮ್ಮನ ಶ್ರುತಿ ಐದು ಮನೆ, ಸುಮಾರು 196 ಹರ್ಟ್ಸ್. ಷಡ್ಜದ ತಂತಿಗೆ 122 ಬಿಂದು ಬಂತು, ಅಂಥವು ಎರಡು. ಮಂದ್ರ ಷಡ್ಜಕ್ಕೆ 244, ಪಂಚಮಕ್ಕೆ 163. ಒಟ್ಟು 651. ಪ್ರತಿಯೊಂದು ಬಿಂದುವೂ ಎಲ್ಲಿದೆ ಎಂದು ಸೆಕೆಂಡಿಗೆ 48,000 ಸಲ ಲೆಕ್ಕ ಹಾಕಬೇಕು. ಸೆಕೆಂಡಿಗೆ ಮೂರು ಕೋಟಿ ಹನ್ನೆರಡು ಲಕ್ಷ ಲೆಕ್ಕ.

ನನಗೆ ಅಂಟಿದ ಚಾಳಿಯಂತೆ ಪ್ರತಿ ಬಿಂದುವನ್ನೂ ಒಂದು ಆಬ್ಜೆಕ್ಟು ಮಾಡಿದೆ. ನೋಡಲು ಬಹಳ ಚೆಂದ. ಆದರೆ ಪ್ರತಿ ಬಿಂದುವಿಗೂ 'ನೀನು ಸಾದಾ ಬಿಂದುವೋ, ಕುದುರೆಯ ಮೇಲಿನ ಬಿಂದುವೋ' ಎಂದು ಕೇಳಿ, ಅದರ ವಿಳಾಸ ಹುಡುಕಿ, ಅಲ್ಲಿಗೆ ಹಾರಿ ಕೆಲಸ ಮಾಡಿಸಬೇಕು. ಬಿಂದುಗಳು ಮೆಮೊರಿಯಲ್ಲಿ ಚದುರಿ ಬಿದ್ದಿವೆ. ಪ್ರೊಸೆಸರಿನ ಕೈಗೆ ಅತಿ ಹತ್ತಿರದ ಕ್ಯಾಶೆ 32 ಕೆಬಿ, ನನ್ನ 651 ಆಬ್ಜೆಕ್ಟುಗಳು ಅದರಲ್ಲಿ ಹಿಡಿಸುತ್ತಿರಲಿಲ್ಲ. ಬಫರಿಗೆ 3.9 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಕಡೆಗೆ ಬಿಂದುವಿನ ಆಬ್ಜೆಕ್ಟನ್ನು ಒಡೆದು, ಎಲ್ಲ ಸ್ಥಾನಗಳನ್ನೂ ಸಾಲಾಗಿ ಒಂದು ಅರೇಯಲ್ಲಿ ಜೋಡಿಸಿದೆ. ಇಡೀ ತಂಬೂರಿ 8 ಕೆಬಿಯೊಳಗೆ ಕೂತಿತು. ಅದೇ ಲೆಕ್ಕ, ಅದೇ ಯಂತ್ರ, 0.6 ಮಿಲಿಸೆಕೆಂಡಿಗೆ ಇಳಿಯಿತು. ತಂತಿ ಮಾತ್ರ ಆಬ್ಜೆಕ್ಟಾಗೇ ಉಳಿಯಿತು, ಬಫರಿಗೆ ನಾಲ್ಕೇ ಸಲ ಅದನ್ನು ಕರೆಯುವುದರಿಂದ ಏನೂ ಭಾರವಿಲ್ಲ. ಅವತ್ತು ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಾ ಗೆದ್ದೆ ಅಂದುಕೊಂಡೆ.

ಗೆದ್ದಿರಲಿಲ್ಲ. ದಿನಕ್ಕೆ ಐದಾರು ಟಿಕ್ ಉಳಿದೇ ಇತ್ತು, ಹೊತ್ತಿಲ್ಲ ಗೊತ್ತಿಲ್ಲ. ಆರು ವಾರ ಅದರ ಹಿಂದೆ ಬಿದ್ದೆ. ಹಗಲು ಆಫೀಸು, ಸಂಜೆ ಅಮ್ಮನ ವ್ಯಾಯಾಮ, ರಾತ್ರಿ ಹನ್ನೊಂದರಿಂದ ಹೆಡ್‌ಫೋನ್. ಆ ದಿನಗಳಲ್ಲಿ ಹೊಸಹಳ್ಳಿ, ವಿಜಯನಗರದ ಕಡೆ ಮೆಟ್ರೊ ಕಂಬಗಳು ಏಳುತ್ತಿದ್ದವು. ರಸ್ತೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಿಗೂ ನಾನು ಬೆಚ್ಚಿ ಗಾಡಿ ನಿಲ್ಲಿಸುತ್ತಿದ್ದೆ. ಎಲ್ಲೆಲ್ಲೂ ಅದೇ ಟಿಕ್.

ಹಿರಿಯರೇ ಮತ್ತೆ ದಾರಿ ತೋರಿದರು. "ನಾದದ ಥ್ರೆಡ್ಡು ಯಾರ ಹತ್ತಿರವಾದರೂ ಏನಾದರೂ ಕೇಳತ್ತಾ?" ಥ್ರೆಡ್ಡು ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಉಳಿದ ಕೆಲಸಗಳ ಜೊತೆಜೊತೆಗೇ ಓಡುವ ಒಂದು ಕೆಲಸ. ನಾದದ್ದು ಕೇಳುತ್ತಿತ್ತು. ಪರದೆಯ ಮೇಲೆ ತಂತಿಯ ಕಂಪನ ತೋರಿಸುವ ಚಿತ್ರವೊಂದನ್ನು ಅಮ್ಮನ ಖುಷಿಗೆಂದು ಹಾಕಿದ್ದೆ. ಚಿತ್ರ ಬರೆಯುವ ಥ್ರೆಡ್ಡು, ನಾದದ ಥ್ರೆಡ್ಡು ಎರಡೂ ತಂತಿಯ ಆಬ್ಜೆಕ್ಟಿಗೆ ಒಂದೇ ಬೀಗ ಹಂಚಿಕೊಂಡಿದ್ದವು. ಚಿತ್ರದವನು ಬೀಗ ಹಾಕಿಕೊಂಡು ಒಳಗಿರುವಾಗ ಬೇರೆ ಯಾವುದೋ ಕೆಲಸ ಬಂದು ಅವನನ್ನು ಪಕ್ಕಕ್ಕೆ ತಳ್ಳಿದರೆ, ಎಲ್ಲರಿಗಿಂತ ಅವಸರದ ನಾದದವನು ಬಾಗಿಲಲ್ಲಿ ನಿಂತೇ ಇರಬೇಕು. 1997ರ ಜುಲೈನಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ತಾನೇ ರೀಸೆಟ್ ಆಗುತ್ತಿದ್ದದ್ದು ಇದೇ ತರಹದ ಬೀಗದಿಂದ ಎಂದು ಅವರೇ ಹೇಳಿದರು. ಭೂಮಿಯಿಂದ ತಿದ್ದುಪಡಿ ಕಳಿಸಿ ಸರಿಪಡಿಸಿದರಂತೆ. ಇನ್ನೊಂದು ತಪ್ಪೂ ಇತ್ತು. ಪ್ರತಿ ಮೀಟಿಗೂ ಹೊಸ ಆಬ್ಜೆಕ್ಟು ಹುಟ್ಟಿಸಲು ನಾದದ ಥ್ರೆಡ್ಡೇ ಮೆಮೊರಿ ಕೇಳುತ್ತಿತ್ತು. ಸಾವಿರ ಸಲ ತಕ್ಷಣ ಸಿಗುತ್ತದೆ, ಒಂದು ಸಲ ಕಾಯಿಸುತ್ತದೆ.

ಬೀಗ ಕಿತ್ತೆ. ಬೇಕಾದ ಆಬ್ಜೆಕ್ಟುಗಳನ್ನೆಲ್ಲ ಪ್ರೋಗ್ರಾಂ ಶುರುವಾಗುವಾಗಲೇ ಹುಟ್ಟಿಸಿ ಇಟ್ಟೆ. ಎರಡು ಥ್ರೆಡ್ಡುಗಳ ನಡುವೆ ಒಂದು ಕಟ್ಟೆ ಮಾತ್ರ, ಒಬ್ಬ ಇಟ್ಟು ಹೋಗುತ್ತಾನೆ, ಇನ್ನೊಬ್ಬ ಬಂದಾಗ ಎತ್ತಿಕೊಳ್ಳುತ್ತಾನೆ, ಯಾರೂ ಯಾರಿಗೂ ಕಾಯುವುದಿಲ್ಲ. ಸೂಪರ್‌ಕೊಲೈಡರ್ ಎಂಬ ಸಂಗೀತದ ಭಾಷೆ ಮಾಡಿದ ಜೇಮ್ಸ್ ಮೆಕಾರ್ಟ್ನಿ ಅದರ ಮೂರನೆಯ ಆವೃತ್ತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಆಬ್ಜೆಕ್ಟುಗಳ ಭಾಷೆಯೇ ಒಂದು ಪ್ರೋಗ್ರಾಂ, ನಾದ ಹುಟ್ಟಿಸುವುದು ಬೇರೆಯೇ ಪ್ರೋಗ್ರಾಂ, ನಡುವೆ ಸಂದೇಶ ಮಾತ್ರ. ಅದನ್ನು ಓದಿದಾಗ ನಾನು ಒಬ್ಬನೇ ಬಿದ್ದ ಹಳ್ಳ ಅಲ್ಲ ಎಂದು ಸಮಾಧಾನವಾಯಿತು.

2013ರ ಮಾರ್ಚಿನಲ್ಲಿ ಟಿಕ್ ನಿಂತಿತು. ನಾಲ್ಕೂ ತಂತಿಯನ್ನು ತಾನೇ ಮೀಟುವ ಪರೀಕ್ಷೆಯನ್ನು ಹನ್ನೆರಡು ಗಂಟೆ ಓಡಿಸಿದೆ, ಒಂದೂ ಇಲ್ಲ. ಆ ಧೈರ್ಯದ ಮೇಲೆ ಅಮ್ಮನನ್ನು ದೇವಸ್ಥಾನದಲ್ಲಿ ಕೂರಿಸಿದ್ದು.

ರಾಮನವಮಿಯ ಮೇಲೆ ಮೂರು ವಾರ ಮನೆಯಲ್ಲಿ ಅದರ ಮಾತೇ ಇಲ್ಲ. ನಾನು ಪರೀಕ್ಷೆ ಓಡಿಸುತ್ತಿದ್ದೆ, ಎಲ್ಲ ಸರಿ. ಲ್ಯಾಪ್‌ಟಾಪನ್ನು ಅದೇ ದೇವಸ್ಥಾನಕ್ಕೆ ಒಯ್ದು, ಅದೇ ಸ್ಪೀಕರು, ಅದೇ ಪ್ಲಗ್ಗು, ಆಗಲೂ ಸರಿ. ಹಲಗೆ ಕೆಳಗಿಳಿದ ಮೇಲೂ ಅಮ್ಮ ಪಾಠಕ್ಕೆ ಮಾತ್ರ ಬಳಸಿದಳು, ಕಚೇರಿಗೆ ಬೇಡ ಅಂದಳು. ಪಾಠದಲ್ಲಿ ಸರಳೆ, ಜಂಟಿ, ಅಲಂಕಾರ, ಮಾಯಾಮಾಳವಗೌಳ. ಟಿಕ್ ಇಲ್ಲ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಸದ್ದಿನ ಕಾರಣ ಸಿಕ್ಕದಿರುವುದು ಸದ್ದಿಗಿಂತ ದೊಡ್ಡ ಹಿಂಸೆ. ಆ ವರ್ಷದ ಕೊನೆಯ ಹೊತ್ತಿಗೆ ನಾನು ಐದು ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದ ನೆನಪಿಲ್ಲ. ಆಫೀಸಿನಲ್ಲಿ ತಪ್ಪುಗಳಾದವು, ಬೈಸಿಕೊಂಡೆ.

2014ರ ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಯಾರೂ ಇಲ್ಲದಾಗ ತನ್ನ ಪಾಡಿಗೆ ಹಿಂದೋಳ ಎತ್ತಿಕೊಂಡಳು. ನಾನು ಪಕ್ಕದ ಕೋಣೆಯಲ್ಲಿದ್ದೆ. ಮೊದಲು ಕೇಳಿಸಿದ್ದು ಟಿಕ್ ಅಲ್ಲ, ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ತಿರುಗತೊಡಗಿದ ಸದ್ದು. ಓಡಿ ಬಂದೆ. ಪ್ರೊಸೆಸರಿನ ಹೊರೆ ತೋರಿಸುವ ಗೆರೆ ಶೇಕಡ 12ರಿಂದ ನೆಟ್ಟಗೆ 100ಕ್ಕೆ ಏರಿತ್ತು. ಆಮೇಲೆ ಚಟಪಟ. "ನಿಲ್ಲಿಸಬೇಡಮ್ಮ, ಹಾಡ್ತಾ ಇರು" ಅಂದೆ. ಅವಳು ಹಾಡುತ್ತಲೇ ಇದ್ದಳು. ನಾನು ಅವಳ ಬೆರಳು ನೋಡಿದೆ. ಉಂಗುರದ ಬೆರಳು, ನಡುಬೆರಳು ಆಡುತ್ತಿವೆ, ತೋರುಬೆರಳು ಎತ್ತಿಯೇ ಇದೆ. ಪಂಚಮದ ಬಿಲ್ಲೆಯನ್ನು ಅವಳು ಮುಟ್ಟುತ್ತಲೇ ಇಲ್ಲ.

ಹಿಂದೋಳಕ್ಕೆ ಪಂಚಮ ಇಲ್ಲ.

ಕೈ ಚಾಚಿ ಪಂಚಮವನ್ನು ನಾನೇ ಒಂದು ಸಲ ಮೀಟಿದೆ. ಫ್ಯಾನು ಇಳಿಯಿತು, ಟಿಕ್ ನಿಂತಿತು. ಅಮ್ಮ ಹಾಡು ಬಿಟ್ಟು ನನ್ನ ಮುಖ ನೋಡಿದಳು.

ತಂತಿಯ ನಾದ ಸೆಕೆಂಡಿಗೆ ಸುಮಾರು 10 ಡೆಸಿಬೆಲ್ ಇಳಿಯುವಂತೆ ಇಟ್ಟಿದ್ದೆ. ನಮ್ಮ ಕಿವಿಗೆ ಕೆಲವೇ ಸೆಕೆಂಡಿನಲ್ಲಿ ಅದು ಸತ್ತ ಹಾಗೆ. ಲೆಕ್ಕದಲ್ಲಿ ಸಾಯುವುದಿಲ್ಲ, ಚಿಕ್ಕದಾಗುತ್ತಾ ಹೋಗುತ್ತದೆ. ಕಂಪ್ಯೂಟರಿನ ಸಾದಾ ದಶಮಾಂಶ ಸಂಖ್ಯೆ ಹಿಡಿಯಬಲ್ಲ ಕಿರಿಯ ಮಿತಿ ದಶಮಾಂಶ ಬಿಂದುವಿನ ನಂತರ 37 ಸೊನ್ನೆ ಇಟ್ಟು ಒಂದು ಬರೆದಷ್ಟು. ಅಷ್ಟು ಇಳಿಯಲು 76 ಸೆಕೆಂಡು ಬೇಕು. ಅದಕ್ಕಿಂತ ಕೆಳಗಿನ ಸಂಖ್ಯೆಗಳಿಗೆ ಡಿನಾರ್ಮಲ್ ಎಂದು ಹೆಸರು. ಅವು ಎದುರಾದರೆ ಆ ಪ್ರೊಸೆಸರು ತನ್ನ ಸಲೀಸು ದಾರಿ ಬಿಟ್ಟು ಬಳಸುದಾರಿ ಹಿಡಿಯುತ್ತದೆ, ಒಂದೊಂದು ಗುಣಾಕಾರಕ್ಕೆ ನೂರಕ್ಕೂ ಹೆಚ್ಚು ಪಟ್ಟು ಹೊತ್ತು. ಯಾರೂ ಮುಟ್ಟದ ಪಂಚಮದ ತಂತಿ, ಕೇಳಿಸದಷ್ಟು ಸಣ್ಣಗೆ ನಡುಗುತ್ತಾ, ಉಳಿದ ಮೂರು ತಂತಿಯ ಹೊತ್ತನ್ನೆಲ್ಲ ತಿನ್ನುತ್ತಿತ್ತು. ನನ್ನ ಪರೀಕ್ಷೆಗಳು ನಾಲ್ಕನ್ನೂ ಮೀಟುತ್ತಿದ್ದವು, ಆದ್ದರಿಂದ ಯಾವತ್ತೂ ಸಿಕ್ಕಿಬೀಳಲಿಲ್ಲ. ಮೋಹನದಲ್ಲಿ, ಕಲ್ಯಾಣಿಯಲ್ಲಿ ಪಂಚಮ ಉಂಟು.

ಇದಕ್ಕೆ ಆಬ್ಜೆಕ್ಟೂ ಕಾರಣವಲ್ಲ, ಭಾಷೆಯೂ ಕಾರಣವಲ್ಲ. ಎರಡು ವರ್ಷ ಅವನ್ನೇ ಗುಮಾನಿಯಿಂದ ನೋಡಿ ನೋಡಿ ನನ್ನ ಕಣ್ಣು ಅಲ್ಲೇ ಕೀಲಿಸಿತ್ತು. ಪ್ರೊಸೆಸರಿನ ಒಂದು ರಿಜಿಸ್ಟರಿನಲ್ಲಿ ಎರಡು ಬಿಟ್ ಇವೆ. ಅವನ್ನು ಹಾಕಿದರೆ ಇಷ್ಟು ಸಣ್ಣ ಸಂಖ್ಯೆಗಳನ್ನು ಅದು ಸೊನ್ನೆ ಎಂದೇ ಎಣಿಸುತ್ತದೆ. ಎರಡು ಸಾಲು ಬರೆದೆ.

ಅಮ್ಮ ಮತ್ತೆ ಹಿಂದೋಳ ಎತ್ತಿಕೊಂಡಳು. ನಾನು ನೆಲದ ಮೇಲೆ ಕೂತು ಗಡಿಯಾರ ನೋಡಿಕೊಂಡು ಎಣಿಸಿದೆ. 70 ಆಯಿತು. 76 ಆಯಿತು. ಫ್ಯಾನು ಏಳಲಿಲ್ಲ. 90ರವರೆಗೆ ಎಣಿಸಿ, ಆಮೇಲೆ ಎಣಿಸುವುದು ಬಿಟ್ಟು ಕೇಳುತ್ತಾ ಕೂತೆ. ಅವಳು ಪಲ್ಲವಿ ಮುಗಿಸಿ, ಅನುಪಲ್ಲವಿ, ಚರಣ ಎಲ್ಲ ಹಾಡಿದಳು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಅವಳು ಕಲ್ಯಾಣಿಗೆ ಬಂದಳು. ತೋರುಬೆರಳು ಪಂಚಮದ ಮೇಲೆ ಇಳಿಯಿತು. ಎರಡು ಸಲ ಮೀಟಿ, ತಲೆ ವಾರೆ ಮಾಡಿ ಕೇಳಿ, "ಪಂಚಮ ಒಂದೆಳೆ ಇಳಿದಿದೆ ಕಣೋ, ನೋಡು" ಅಂದಳು.

ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಲೆಕ್ಕ ಹಾಕಿದೆ. ಷಡ್ಜಕ್ಕೆ 122 ಬಿಂದು ಇದ್ದರೆ ಪಂಚಮಕ್ಕೆ 162.67 ಇರಬೇಕು. ಅರ್ಧ ಬಿಂದು ಇಡಲಾಗದು ಎಂದು ನಾನು 163 ಇಟ್ಟಿದ್ದೆ. ಬಿಂದುವಿನ ಮೂರನೇ ಒಂದು ಭಾಗದಷ್ಟು ತಂತಿ ಉದ್ದವಾಗಿತ್ತು.